ಜಾಂಬೋಟಿ ಕಾಡಿನ ಬಣ್ಣದ ಹಣ್ಣು: ತಿನ್ನೋದು ಯಾವುದು, ಬೆಳೆಸೋದು ಯಾವುದು, ದೂರ ಇಡೋದು ಯಾವುದು?

ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಈ ಕಂತಿಗೆ ಕಾರಣ ಒಂದು ಫೋಟೋ. ಜಾಂಬೋಟಿಗೆ ಹೋಗಿ ಬಂದ ಕೇಳುಗರೊಬ್ಬರು ಕಳಿಸಿದ್ದು. ಬೇಲಿ ಮೇಲೆ ಹಬ್ಬಿದ ಬಳ್ಳಿ, ಅದರ ತುಂಬ ಗೋಲಿ ಗಾತ್ರದ ಕೆಂಪು ಹಣ್ಣು, ಹಣ್ಣಿನ ಮೇಲೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ. ಕೆಳಗೆ ಮೂರು ಸಾಲು: "ಇದು ಏನು? ಮನೇಲಿ ಬೆಳೆಸಬಹುದಾ? ನಮ್ಮಲ್ಲಿ ನಾಲ್ಕು ವರ್ಷದ ಮಗು ಐತಿ."

ಮೊದಲ ಎರಡು ಪ್ರಶ್ನೆ ಬಹಳ ಜನ ಕೇಳ್ತಾರೆ. ಆ ಮೂರನೇ ಸಾಲು ಓದಿದ ಮೇಲೆ ಇದನ್ನ ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಮುಗಿಸೋದು ಸರಿಯಲ್ಲ ಅನ್ನಿಸ್ತು. ಅದಕ್ಕೇ ಇವತ್ತಿನ ಪೂರ್ತಿ ಕಂತು ಇದರ ಮೇಲೇ. ನಾನು ಬಿ.ಕಾಂ. ಓದಿದವನು, ಸಸ್ಯಶಾಸ್ತ್ರದ ಡಿಗ್ರಿ ನನ್ನ ಹತ್ರ ಇಲ್ಲ. ಹಂಗಾಗಿ ಹೂವು, ಎಲೆ, ಹಣ್ಣು ಮೂರನ್ನೂ ಹೋಲಿಸಿ ಅನುಮಾನಕ್ಕೆ ಜಾಗ ಇಲ್ಲದಂತೆ ಗುರುತು ಹಿಡಿಯಬಹುದಾದ ಆರು ಗಿಡಗಳನ್ನಷ್ಟೇ ತಗೊಂಡಿದ್ದೀನಿ.

ಜಾಂಬೋಟಿನೇ ಯಾಕೆ?

ಬೆಳಗಾವಿಯಿಂದ ಸುಮಾರು 30 ಕಿಲೋಮೀಟರ್. ಊರು ಸಣ್ಣದು, ಆದ್ರೆ ಸುತ್ತಲಿನ ನೆಲ ದೊಡ್ಡ ಲೆಕ್ಕದ್ದು. ಪಕ್ಕದ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟಿ ಪೂರ್ವಕ್ಕೆ ಹರೀತಾಳೆ. ಅದೇ ಕಾಡಿನ ದೇಗಾಂವ ಕಡೆ ಹುಟ್ಟೋ ಮಹದಾಯಿ ಪಶ್ಚಿಮಕ್ಕೆ, ಗೋವಾದ ಕಡೆ ಇಳೀತಾಳೆ. ಮಳೆ ವಿಪರೀತ, ನೆಲ ಜಂಬಿಟ್ಟಿಗೆ, ಮೇಲೆ ಎಲೆ ಕೊಳೆತ ಮಣ್ಣಿನ ತೆಳು ಪದರ. ಜೂನ್‌ನಿಂದ ಅಕ್ಟೋಬರ್ ತನಕ ಗಿಡ ಮೇಲೆದ್ದು, ಹೂ ಬಿಟ್ಟು, ಹಣ್ಣಾಗಿ, ಮತ್ತೆ ಗಡ್ಡೆಯೊಳಗೆ ಅಡಗಿ ಕೂತ್ಕೊಳ್ಳಬೇಕು. ನಾಲ್ಕೈದು ತಿಂಗಳೊಳಗೆ ಇಡೀ ವರ್ಷದ ವ್ಯವಹಾರ ಮುಗಿಸೋ ಗಿಡಗಳಿವು.

ಈ ಭಾಗದ ಗಿಡಗಳನ್ನ ಬ್ರಿಟಿಷರ ಕಾಲದಿಂದಲೂ ದಾಖಲು ಮಾಡಿಕೊಂಡು ಬಂದಿದ್ದಾರೆ. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು. 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್ 'ಬಾಂಬೆ ಫ್ಲೋರಾ' ತಂದ್ರು. ಆ ಡಾಲ್ಜೆಲ್ ಮೊದಲು ಕಸ್ಟಮ್ಸ್ ಇಲಾಖೆಯ ಅಧಿಕಾರಿ. ಲೆಕ್ಕಪತ್ರದ ಜನ ಗಿಡ ನೋಡೋದು ಹೊಸದೇನಲ್ಲ ಅಂತ ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಥಿಯೋಡೋರ್ ಕುಕ್ 1901ರಿಂದ 1908ರ ತನಕ ಅದೇ ಪ್ರಾಂತ್ಯದ ಸಸ್ಯಗಳ ಬಗ್ಗೆ ಬರೆದ ಸಂಪುಟಗಳನ್ನ ಇವತ್ತಿಗೂ ಸಂಶೋಧಕರು ತೆಗೆದು ನೋಡ್ತಾರೆ.

ಹಣ್ಣಿಗೆ ಬಣ್ಣ ಯಾಕೆ ಬೇಕು?

ಇದು ಗೊತ್ತಾದ್ರೆ ಗುರುತಿಸೋದು ಸಲೀಸು. ಗಿಡಕ್ಕೆ ಕಾಲಿಲ್ಲ. ಬೀಜ ತಾಯಿ ಗಿಡದ ಬುಡದಲ್ಲೇ ಬಿದ್ರೆ ನೆರಳು, ನೀರು, ಗೊಬ್ಬರ ಎಲ್ಲಕ್ಕೂ ಜಗಳ. ಹಂಗಾಗಿ ಅದು ಸಾಗಾಣಿಕೆಗೆ ಹಕ್ಕಿಗಳನ್ನ ಹಿಡೀತದೆ. ಹಣ್ಣಿನ ತಿರುಳು ಸಾಗಾಣಿಕೆಯ ಬಾಡಿಗೆ, ಬಣ್ಣ ಅಂಗಡಿಯ ಬೋರ್ಡು. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯೋ ಕೋಶಗಳು ಮೂರು ಬಗೆ, ಹಕ್ಕಿಗಳ ಕಣ್ಣಲ್ಲಿ ನಾಲ್ಕು. ಹಸಿರಿನ ನಡುವೆ ಕೆಂಪು ಅವಕ್ಕೆ ಎದ್ದು ಕಾಣ್ತದೆ. ಪಿಕಳಾರ, ಕುಟ್ರ ಹಕ್ಕಿ ಇಂಥವು ಹಣ್ಣು ನುಂಗಿ, ಇನ್ನೆಲ್ಲೋ ಹೋಗಿ ಬೀಜ ಹಾಕ್ತವೆ.

ಇಲ್ಲಿ ಒಂದು ಮಾತು ನೆನಪಿಡ್ರಿ. ಆ ಬೋರ್ಡು ಹಕ್ಕಿಗೆ ಬರೆದದ್ದು, ನಮಗಲ್ಲ. "ಪಿಕಳಾರ ತಿಂತು, ನಾವೂ ತಿನ್ನಬಹುದು" ಅನ್ನೋ ಲೆಕ್ಕ ತಪ್ಪು. ಹಕ್ಕಿಗೆ ಏನೂ ಮಾಡದ ಹಣ್ಣು ಮನುಷ್ಯನ ಹೊಟ್ಟೆ ಕೆಡಿಸಬಹುದು.

ಇನ್ನೂ ಒಂದು. ಕೆಲವು ಗಿಡ ಬೋರ್ಡು ಮಾತ್ರ ಹಾಕ್ತವೆ, ಒಳಗೆ ಮಾಲೇ ಇರೋದಿಲ್ಲ. ಗುಲಗಂಜಿ ಅಂಥದ್ದು. ಅದಕ್ಕೆ ಆಮೇಲೆ ಬರ್ತೀನಿ.

1. ಶಿವಲಿಂಗಿ: ಫೋಟೋದಲ್ಲಿದ್ದ ಬಳ್ಳಿ

ಕೇಳುಗರು ಕಳಿಸಿದ್ದು ಇದೇ. ಲಿಂಗತೊಂಡೆ ಅಂತಾನೂ ಹೆಸರಿದೆ. ಸಸ್ಯಶಾಸ್ತ್ರದಲ್ಲಿ ಡಿಪ್ಲೋಸೈಕ್ಲಾಸ್ ಪಾಲ್ಮೇಟಸ್. ತೊಂಡೆ, ಹೀರೆ, ಸೌತೆ ಇರೋ ಕುಟುಂಬವೇ ಇದರದ್ದೂ. ಎಲೆ ಬೆರಳು ಬಿಡಿಸಿದ ಅಂಗೈ ಹಂಗೆ ಐದು ಸೀಳು. ಹೂವು ಸಣ್ಣದು, ಹಳದಿ-ಹಸಿರು, ಹುಡುಕಿದ್ರೆ ಮಾತ್ರ ಕಾಣ್ತದೆ. ಕಾಯಿ ಹಸಿರು, ಅದರ ಮೇಲೆ ಬಿಳಿ ಗೆರೆ. ಹಣ್ಣಾದಾಗ ಹಸಿರು ಹೋಗಿ ಕೆಂಪಾಗ್ತದೆ, ಗೆರೆ ಮಾತ್ರ ಉಳೀತದೆ. ಬೀಜ ನೋಡಿದ್ರೆ ಪಾಣಿಪೀಠದ ಮೇಲೆ ಕೂತ ಲಿಂಗದ ಆಕಾರ. ಹೆಸರು ಬಂದಿದ್ದು ಅಲ್ಲಿಂದ.

ಕಾಡು ತೊಂಡೆ ಜೊತೆ ಗೊಂದಲ ಆಗಬಹುದು. ಕಾಡು ತೊಂಡೆ ಹಣ್ಣು ಉದ್ದ, ಪೂರ್ತಿ ಕೆಂಪು. ಅದರ ಕಾಯಿಗೂ ಬಿಳಿ ಪಟ್ಟೆ ಇರ್ತದೆ, ಆದ್ರೆ ಹಣ್ಣಾದ ಮೇಲೆ ಅಳಿಸಿ ಹೋಗ್ತದೆ. ಹೂವು ದೊಡ್ಡದು, ಬಿಳಿ. ಶಿವಲಿಂಗಿ ಹಣ್ಣು ದುಂಡಗೆ, ಗುಂಪಾಗಿ ಎಲೆ ಬುಡಕ್ಕೆ ಅಂಟಿಕೊಂಡಿರ್ತದೆ.

ಬೆಳೆಸೋದು ಕಷ್ಟ ಇಲ್ಲ. ಪೂರ್ತಿ ಹಣ್ಣಾದ ಕಾಯಿಯ ಬೀಜ ತೊಳೆದು ನೆರಳಲ್ಲಿ ಒಣಗಿಸಿಟ್ಟು, ಮೊದಲ ಮಳೆ ಬಿದ್ದ ಮೇಲೆ ಹಾಕಿದ್ರೆ ಬರ್ತದೆ. ಹಬ್ಬಲಿಕ್ಕೆ ಜಾಲರಿ ಬೇಕು. ಬೇಸಿಗೆಗೆ ಒಣಗ್ತದೆ, ಸತ್ತು ಹೋಯ್ತು ಅಂತ ಬೇಜಾರು ಮಾಡ್ಕೋಬೇಡಿ, ಅದರ ಋತು ಮುಗೀತು ಅಷ್ಟೆ.

ಆದ್ರೆ ಹಣ್ಣು ವಿಷಕಾರಿ ಅಂತಲೇ ಲೆಕ್ಕ. ಮಕ್ಕಳಾಗ್ಲಿ ಅಂತ ಇದರ ಬೀಜವನ್ನ ಔಷಧಿಯಾಗಿ ಮಾರೋರು ಇದ್ದಾರೆ, ಆನ್‌ಲೈನಲ್ಲೂ ಪೊಟ್ಟಣ ಸಿಗ್ತದೆ. ಯಾರೋ ಹೇಳಿದ್ರು ಅಂತ ಅದನ್ನ ನುಂಗಬೇಡಿ. ನಾಲ್ಕು ವರ್ಷದ ಮಗು ಇರೋ ಮನೆಗೆ ನನ್ನ ಉತ್ತರ ಇಷ್ಟು: ಈಗ ಬೇಡ. ನೋಡಲಿಕ್ಕೆ ಪೆಪ್ಪರಮಿಂಟ್ ಹಂಗೆ ಇದೆ, ಕೈಗೆ ಎಟುಕೋ ಎತ್ತರದಲ್ಲೇ ಹಣ್ಣಾಗ್ತದೆ. ಮಗು ಶಾಲೆಗೆ ಹೋಗಿ, ಹೇಳಿದ ಮಾತು ಅರ್ಥ ಆಗೋ ವಯಸ್ಸು ಬರಲಿ. ಅಲ್ಲಿ ತನಕ ಕೊನೆಗೆ ಹೇಳೋ ಎರಡು ಗಿಡ ಹಚ್ಚಿ.

2. ಸಾಪ್ ಕಾಂದಾ: ಕಾಡಿನ ನೆರಳಿನ ಹೂ

ಇದು ನನಗೆ ಎಲ್ಲಕ್ಕಿಂತ ಇಷ್ಟ. ಮರಾಠಿಯಲ್ಲಿ ಸಾಪ್ ಕಾಂದಾ, ಅಂದ್ರೆ ಹಾವಿನ ಗಡ್ಡೆ. ಸಸ್ಯಶಾಸ್ತ್ರದಲ್ಲಿ ಅರಿಸೀಮಾ. ಕೆಸವು, ಸುವರ್ಣಗಡ್ಡೆಯ ಬಳಗ. ಮುಂಗಾರು ಶುರುವಾದ ಕೂಡಲೇ ನೆಲದಿಂದ ಎದ್ದು ಹಾವು ಹೆಡೆ ಬಿಚ್ಚಿದಂಗೆ ನಿಲ್ತದೆ. ಆ ಹೆಡೆ ಹೂವಲ್ಲ, ಹೂಗಳನ್ನ ಮುಚ್ಚಿರೋ ಒಂದು ಎಲೆ. ನಿಜವಾದ ಹೂಗಳು ಒಳಗಿನ ಕಡ್ಡಿಯ ಬುಡದಲ್ಲಿ ಸಾಸಿವೆಯಷ್ಟು ಸಣ್ಣಗೆ ಇರ್ತವೆ. ಇದರಲ್ಲೇ ಅರಿಸೀಮಾ ಮುರ್ರೇಯಿ ಅನ್ನೋದು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯೋದಿಲ್ಲ. ಹೆಡೆ ಬಿಳಿ, ಬುಡದಲ್ಲಿ ನೇರಳೆ. ಎಲೆ ಕೊಡೆಯ ಕಡ್ಡಿಗಳ ಹಂಗೆ ಸುತ್ತಲೂ ಹರಡಿರ್ತದೆ.

ಮಳೆಗಾಲದ ಕೊನೆಗೆ ಹೆಡೆ ಬಾಡಿ ಬಿದ್ದು, ಒಳಗಿನ ಕಡ್ಡಿ ಪೂರ್ತಿ ಹಣ್ಣು ಕಚ್ಕೊಂಡು ನಿಲ್ತದೆ. ಗೋವಿನಜೋಳದ ತೆನೆಗೆ ಕೆಂಪು ಬಣ್ಣ ಹಚ್ಚಿದಂಗೆ. ಹೂವಿನಲ್ಲಿ ನೋಡಿದೋರು ಹಣ್ಣಿನಲ್ಲಿ ಗುರುತು ಹಿಡಿಯೋದಿಲ್ಲ, ಅಷ್ಟು ಬದಲಾಗಿರ್ತದೆ.

ಇದರ ಜೀವನ ನಮ್ಮ ಬಜೆಟ್ ಪಾಠದ ಹಂಗೆ. ಗಡ್ಡೆ ಸಣ್ಣದಿದ್ದಾಗ ಗಿಡ ಗಂಡು. ಪರಾಗ ಮಾಡೋದು ಕಡಿಮೆ ಖರ್ಚಿನ ಕೆಲಸ. ವರ್ಷ ಹೋದಂಗೆ ಗಡ್ಡೆಯಲ್ಲಿ ಬಂಡವಾಳ ಕೂಡಿದಾಗ ಹೆಣ್ಣಾಗಿ ಹಣ್ಣು ಹೊರ್ತದೆ. ಒಂದು ವರ್ಷ ಮಳೆ ಕೈಕೊಟ್ಟು ಗಡ್ಡೆ ಬಡವಾದ್ರೆ ಮುಂದಿನ ವರ್ಷ ಮತ್ತೆ ಗಂಡು. ಅಂದ್ರೆ ಹಣ್ಣು ಬಿಟ್ಟ ಗಿಡ ಅಂದ್ರೆ ಹಲವು ವರ್ಷ ಉಳಿತಾಯ ಮಾಡಿದ ಗಿಡ. ಅದನ್ನ ಕಿತ್ತು ತಂದ್ರೆ ಕಾಡು ಒಂದು ಗಿಡ ಮಾತ್ರ ಕಳ್ಕೊಳ್ಳೋದಿಲ್ಲ, ಆ ಜಾಗದ ಬೀಜದ ಖಾತೆಯೇ ಖಾಲಿ ಆಗ್ತದೆ. ನನಗೆ ಈ ಕಂತಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ಇದು.

ಬೆಳೆಸೋದಾದ್ರೆ ಬೀಜದಿಂದಲೇ. ತೋಟದಲ್ಲಿ ಬೆಳೆಸಿದವರ ಹತ್ರ ಕೇಳಿ. ಹಣ್ಣು ಹಿಸುಕಿ ತಿರುಳು ತೆಗೀಬೇಕು, ಕೈಗೆ ಗ್ಲೌಸ್ ಇರಲಿ. ಕೆಸವಿನ ಹಂಗೇ ಇದರಲ್ಲೂ ಸೂಜಿಯಂಥ ಸೂಕ್ಷ್ಮ ಹರಳುಗಳಿವೆ, ತುರಿಸ್ತದೆ. ಬಾಯಿಗೆ ಹೋದ್ರೆ ನಾಲಿಗೆ, ಗಂಟಲು ಉರಿದು ಬಾಯ್ತೀತವೆ. ಕುಂಡಕ್ಕೆ ಕೆಂಪು ಮಣ್ಣು, ಸಣ್ಣ ಗರಸು, ಅರ್ಧದಷ್ಟು ಎಲೆಗೊಬ್ಬರ. ಬೀಜ ಬೆರಳಿನ ಅರ್ಧ ಗೆಣ್ಣಿನಷ್ಟು ಆಳ. ಬೆಳಗಿನ ಎಳೆ ಬಿಸಿಲು ಸಾಕು. ಎಲೆ ಹಳದಿಯಾಗಿ ಬಿದ್ದ ಮೇಲೆ ನೀರು ನಿಲ್ಲಿಸಿ, ಮುಂದಿನ ಮಳೆಗಾಲದ ತನಕ ಕುಂಡವನ್ನ ನೆರಳಲ್ಲಿ ಒಣಗಿ ಇಡಿ. ಬೇಸಿಗೆಯಲ್ಲಿ ಪಾಪ ಅಂತ ನೀರು ಹಾಕಿದ್ರೆ ಗಡ್ಡೆ ಕೊಳೀತದೆ. ಹೂವಿಗೆ ಮೂರು ವರ್ಷವಾದ್ರೂ ತಾಳ್ಮೆ ಬೇಕು.

3. ಗೌರಿ ಹೂ: ಚೆಂದಕ್ಕೂ ವಿಷಕ್ಕೂ ಮೊದಲು

ಅಗ್ನಿಶಿಖೆ, ಕೋಳಿಕುಟುಮ, ಮರಾಠಿಯಲ್ಲಿ ಕಳಲಾವಿ. ಗೌರಿ-ಗಣಪತಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಬೆಂಕಿ ಹತ್ತಿದಂಗೆ ಅರಳೋ ಹೂ. ಆರು ದಳ, ಅಂಚು ಅಲೆ ಅಲೆ, ಕೆಳಗೆ ಹಳದಿ ಮೇಲೆ ಕೆಂಪು, ಎಲ್ಲಾ ಹಿಂದಕ್ಕೆ ಬಾಗಿರ್ತವೆ. ಹೂ ಇಲ್ಲದಾಗ ಗುರುತಿಸಲಿಕ್ಕೆ ಎಲೆಯ ತುದಿ ನೋಡಿ. ಎಲೆಯ ತುದಿಯೇ ಕುಡಿಯಾಗಿ ಸುತ್ತಿಕೊಂಡು ಪಕ್ಕದ ಗಿಡ ಹಿಡ್ಕೊಂಡಿರ್ತದೆ. ಹಸಿರು ಕಾಯಿ ಒಣಗಿ ಮೂರು ಹೋಳಾಗಿ ಬಿಚ್ಚಿದಾಗ ಒಳಗೆ ಸಾಲಾಗಿ ಕೆಂಪು-ಕೇಸರಿ ಬೀಜ.

ಇದು ತಮಿಳುನಾಡಿನ ರಾಜ್ಯ ಹೂವು. ಅಲ್ಲಿ ರೈತರು ಹೊಲದಲ್ಲೇ ಬೆಳೀತಾರೆ, ಬೀಜದಲ್ಲಿರೋ ಕೊಲ್ಚಿಸಿನ್ ಔಷಧಿ ಕಂಪನಿಗಳಿಗೆ ಬೇಕು. ಅದೇ ಕೊಲ್ಚಿಸಿನ್ ಗಡ್ಡೆ ಸಮೇತ ಇಡೀ ಗಿಡದಲ್ಲಿದೆ, ಪ್ರಾಣ ತೆಗೆಯೋವಷ್ಟು. ಗೆಣಸು ಅಂತ ತಿಳಿದು ಗಡ್ಡೆ ತಿಂದು ಸತ್ತ ಪ್ರಕರಣಗಳು ಶ್ರೀಲಂಕಾದ ವೈದ್ಯಕೀಯ ದಾಖಲೆಗಳಲ್ಲಿವೆ. ಹಂಗಾಗಿ ಅಡುಗೆ ಗಡ್ಡೆ-ಗೆಣಸು ಬೆಳೆಯೋ ಮಡಿಯ ಹತ್ರ ಇದನ್ನ ಎಂದೂ ಹಚ್ಚಬೇಡಿ.

ದೊಡ್ಡವರಷ್ಟೇ ಇರೋ ಮನೆಯಾದ್ರೆ ನರ್ಸರಿಯಿಂದ ಗಡ್ಡೆ ತಂದು ಮೇ ಕೊನೆಗೆ ಹಾಕಿ. ಗಡ್ಡೆ ನೇಗಿಲ ಆಕಾರ, ಮೊಳಕೆ ಬರೋದು ತುದಿಯಿಂದ, ಆ ತುದಿ ಮುರಿದ್ರೆ ಆ ವರ್ಷ ಗಿಡ ಇಲ್ಲ. ಅಡ್ಡ ಮಲಗಿಸಿ ಎರಡು-ಮೂರು ಇಂಚು ಮಣ್ಣು ಮುಚ್ಚಿ, ಹತ್ತಲಿಕ್ಕೆ ಕೋಲು ಕೊಡಿ. ಬೀಜದಿಂದ ಮಾಡೋದಾದ್ರೆ ತಿಂಗಳುಗಟ್ಟಲೆ ಮೊಳಕೆಯೇ ಕಾಣೋದಿಲ್ಲ.

4. ಗುಲಗಂಜಿ: ಹಣ್ಣಿನ ವೇಷದ ಬೀಜ

ಅರ್ಧಕ್ಕಿಂತ ಹೆಚ್ಚು ಕೆಂಪು, ತುದಿಗೆ ಕಪ್ಪು ಕಣ್ಣು. ಹಿಂದೆ ಅಕ್ಕಸಾಲಿಗರು ಬಂಗಾರ ತೂಗಿದ್ದು ಇದರಲ್ಲೇ. 96 ರತ್ತಿಗೆ ಒಂದು ತೊಲ, ಅಂದ್ರೆ ಒಂದು ಬೀಜದ ಲೆಕ್ಕ ಸುಮಾರು 0.12 ಗ್ರಾಂ. ಇಲ್ಲಿ ತಿರುಳೇ ಇಲ್ಲ. ಒಣ ಕಾಯಿ ಬಿಚ್ಚಿ ಹೊಳೆಯೋ ಬೀಜ ತೋರಿಸ್ತದೆ. ಹಕ್ಕಿ ಹಣ್ಣು ಅಂತ ತಿಳಿದು ನುಂಗಲಿ ಅನ್ನೋ ಉಪಾಯ ಇದು ಅಂತ ಹಲವು ವಿಜ್ಞಾನಿಗಳ ಊಹೆ. ಬಾಡಿಗೆ ಕೊಡದೆ ಸಾಗಾಣಿಕೆ ಮಾಡಿಸಿಕೊಳ್ಳೋ ಗಿರಾಕಿ.

ಒಳಗಿರೋ ಏಬ್ರಿನ್ ವಿಷ ನಮ್ಮ ಜೀವಕೋಶ ಪ್ರೋಟೀನ್ ಮಾಡೋ ಕೆಲಸವನ್ನೇ ನಿಲ್ಲಿಸ್ತದೆ. ಸಿಪ್ಪೆ ಬಹಳ ಗಟ್ಟಿ, ಇಡಿಯಾಗಿ ನುಂಗಿದ್ರೆ ಹಂಗೇ ಹೊರಗೆ ಹೋಗೋದೂ ಉಂಟು. ಅಗಿದ್ರೆ, ಪುಡಿ ಮಾಡಿದ್ರೆ, ತೂತು ಹಾಕಿದ್ರೆ ಅಪಾಯ. 2011ರಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಉದ್ಯಾನದವರು ತಾವು ಮಾರಿದ್ದ ಗುಲಗಂಜಿ ಬ್ರೇಸ್‌ಲೆಟ್‌ಗಳನ್ನ ಇದೇ ಕಾರಣಕ್ಕೆ ವಾಪಸ್ ಕರೆಸಿದ್ರು. ಜಾತ್ರೆಯಲ್ಲಿ ತಂದ ಗುಲಗಂಜಿ ಸರ ಮನೇಲಿದ್ರೆ ಮಕ್ಕಳ ಕೈಗೆ ಕೊಡಬೇಡಿ. ಬೆಳೆಸೋ ವಿಧಾನ ನಾನು ಹೇಳೋದಿಲ್ಲ. ಕಾಡಿನಲ್ಲಿ ನೋಡಿ, ಫೋಟೋ ತಗೊಳ್ಳಿ, ಬನ್ನಿ.

5. ನೆಕ್ಕರಿಕ: ನಾಲಿಗೆ ನೇರಳೆ ಮಾಡೋದು

ಘಟ್ಟದ ಹಳ್ಳ, ಝರಿಗಳ ಅಂಚಿನಲ್ಲಿ ಎದೆಯೆತ್ತರದ ಪೊದೆ. ಹೂವು ನೇರಳೆ, ಐದು ದಳ. ಎಲೆ ನೋಡಿದ್ರೆ ಸಾಕು: ಬುಡದಿಂದ ತುದಿಗೆ ಮೂರರಿಂದ ಐದು ನರ ಸಮಾನಾಂತರವಾಗಿ ಓಡಿರ್ತವೆ, ಮುಟ್ಟಿದ್ರೆ ಒರಟು. ಹೂವಿನಲ್ಲಿ ಕೇಸರ ಎರಡು ಥರ. ಹಳದಿಯದ್ದು ಜೇನಿಗೆ ಊಟ, ನೇರಳೆಯದ್ದು ಪರಾಗಸ್ಪರ್ಶದ ಕೆಲಸಕ್ಕೆ. ಕಾಯಿ ಹಣ್ಣಾಗಿ ಒಡೆದಾಗ ಒಳಗೆ ಕಡು ನೇರಳೆ ತಿರುಳು. ಇದು ತಿನ್ನಬಹುದಾದ್ದು. ಮೆಲಾಸ್ಟೋಮಾ ಅನ್ನೋ ಗ್ರೀಕ್ ಹೆಸರಿನ ಅರ್ಥವೇ ಕಪ್ಪು ಬಾಯಿ. ಕದ್ದು ತಿಂದ ಮಕ್ಕಳು ಬಾಯಿ ತೆರೆದ ಕೂಡಲೇ ಸಿಕ್ಕಿಬೀಳ್ತಾರೆ.

ಇದಕ್ಕೆ ಹುಳಿ ಗುಣದ ಕೆಂಪು ಮಣ್ಣು ಬೇಕು. ಬೆಳಗಾವಿ, ಖಾನಾಪುರದವರಿಗೆ ಸುಲಭ. ಬೈಲಹೊಂಗಲ, ಸವದತ್ತಿ ಕಡೆಯ ಎರೆ ಮಣ್ಣಿಗೆ ನೇರವಾಗಿ ಹಚ್ಚಿದ್ರೆ ಎಲೆ ಹಳದಿಯಾಗಿ ಸೊರಗ್ತದೆ, ಅಲ್ಲಿಯವರು ಕುಂಡದಲ್ಲೇ ಬೆಳೆಸಿ. ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ, ಮೇಲಿಂದ ನೀರು ಸುರಿಯದೆ ಚಿಮುಕಿಸಿ. ಕಡ್ಡಿ ನೆಟ್ಟರೂ ಬರ್ತದೆ.

6. ಕವಳಿ: ಎಲ್ಲರಿಗೂ ಗೊತ್ತಿರೋ ಹಣ್ಣು

ಮರಾಠಿಯ ಕರವಂದ. ಬಿಳಿ ಮಲ್ಲಿಗೆಯಂಥ ಹೂ, ಜೋಡಿ ಮುಳ್ಳು, ಮುರಿದ್ರೆ ಹಾಲು. ಕಾಯಿ ಹಸಿರು, ಆಮೇಲೆ ಕೆಂಪು, ಕೊನೆಗೆ ಕಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ಖಾನಾಪುರ, ಬೆಳಗಾವಿ ಪೇಟೆಗೆ ಕಾಡಂಚಿನ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರ್ತಾರೆ. ಹಂಗೆ ಮಾರ್ತಿದ್ದ ಒಬ್ಬರನ್ನ ಕೇಳಿದೆ: "ಮಾವಶಿ, ಇದರ ಬೀಜ ಹಾಕಿದ್ರ ಗಿಡ ಬರತೈತೇನ್ರಿ?"

"ಯಾಕ ಬರೂದಿಲ್ಲೋ ತಮ್ಮಾ? ತಿಂದು ಉಗುಳಿದಲ್ಲೇ ಬರತೈತಿ. ಒಣಗಿಸಿ ಡಬ್ಬಿಯೊಳಗ ಇಟ್ರ ಬರೂದಿಲ್ಲ."

ತೋಟಗಾರಿಕೆಯವರು ಹೇಳೋದೂ ಇದನ್ನೇ. ಕವಳಿ ಬೀಜದ ಜೀವ ಬಹಳ ದಿನ ಉಳಿಯೋದಿಲ್ಲ. ಹಣ್ಣು ತಿಂದ ವಾರದೊಳಗೆ ಹಾಕಿ, ಮಳೆಗೆ ಸಸಿ ಸಿದ್ಧ. ಕಾಯಿ ಉಪ್ಪಿನಕಾಯಿಗೆ, ಹಣ್ಣು ಬಾಯಿಗೆ, ಮುಳ್ಳು ಬೇಲಿಗೆ. ಮುಳ್ಳಿದೆ ಅನ್ನೋದು ಬಿಟ್ರೆ ಮಗು ಇರೋ ಮನೆಗೂ ನೆಕ್ಕರಿಕ, ಕವಳಿ ಎರಡೂ ಆಗ್ತವೆ.

ಬೇಡವಾದ ಬಣ್ಣದ ಹಣ್ಣು

ಲಂಟಾನಾ. ಹೂ ಚೆಂದ, ಹೊಳೆಯೋ ಕಪ್ಪು ಹಣ್ಣೂ ಚೆಂದ. ಆದ್ರೆ ಇದು ಅಮೆರಿಕ ಖಂಡದಿಂದ ಬಂದದ್ದು. ಹಕ್ಕಿ ಬೀಜ ಹರಡಿದಲ್ಲೆಲ್ಲ ಪೊದೆಯಾಗಿ, ಮೇಲೆ ಹೇಳಿದ ಸಣ್ಣ ಗಿಡಗಳಿಗೆ ಬೆಳಕೇ ಬಿಡೋದಿಲ್ಲ. ಎಲೆ ದನಕ್ಕೂ ವಿಷ. ಇದನ್ನ ಮನೆಗೆ ತರಬೇಡಿ.

ಎಲ್ಲಿಂದ ತರೋದು?

ಕಾಡಿನಿಂದ ಅಲ್ಲ. ಜಾಂಬೋಟಿ ಪಕ್ಕದ ಭೀಮಗಡ 2011ರಲ್ಲಿ ವನ್ಯಜೀವಿ ಧಾಮ ಆಗಿದೆ, ಸುಮಾರು 190 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗಿಂದ ಗಿಡ ಕೀಳೋದು, ಗಡ್ಡೆ ಅಗೆಯೋದು ಅಪರಾಧ. ಹೊರಗಿನ ಮೀಸಲು ಅರಣ್ಯಕ್ಕೂ ತನ್ನದೇ ಕಾನೂನಿದೆ.

ಕಾನೂನು ಬಿಟ್ಟು ನೋಡಿದ್ರೂ ಲೆಕ್ಕ ಅದೇ. ಚೋರ್ಲಾ ಘಾಟ್ ಇಳಿದ್ರೆ ಗೋವಾ. ಅಲ್ಲಿ ಚೌತಿಗೆ ಗಣಪತಿ ಮೇಲೆ ಕಾಡಿನ ಹೂ-ಹಣ್ಣು ತೂಗು ಹಾಕೋ ಮಾಟೋಳಿ ಪದ್ಧತಿ ಇದೆ. ನಮ್ಮ ಉತ್ತರ ಕನ್ನಡದಲ್ಲಿ ಅದಕ್ಕೆ ಫಲಾವಳಿ ಅಂತಾರೆ. ನನಗೆ ಬಹಳ ಪ್ರೀತಿಯ ಪದ್ಧತಿ, ಯಾಕಂದ್ರೆ ಮನೆಯ ಹುಡುಗರಿಗೆ ಗಿಡದ ಹೆಸರು ಕಲಿಸೋ ಶಾಲೆ ಅದು. ತಾತ ಒಂದು ಗೊಂಚಲು ಕೊಯ್ದು ಬಳ್ಳಿ ಬಿಟ್ಟು ಬರ್ತಿದ್ರು. ಇವತ್ತು ಪೇಟೆಗೆ ಮಾರಲಿಕ್ಕೆ ಬುಡಸಮೇತ ಕೊಯ್ದ್ರೆ ಬೀಜ ಬಲಿಯೋ ಮೊದಲೇ ಬಳ್ಳಿ ಹೋಗ್ತದೆ. ಬಡ್ಡಿ ತಿನ್ನೋದು ಬೇರೆ, ಅಸಲು ತಿನ್ನೋದು ಬೇರೆ.

ಕವಳಿಯಂಥ ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮಳೆಗಾಲಕ್ಕೆ ಮೊದಲೇ ಕೇಳಿ ನೋಡಿ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಬೆಳೆಸೋ ವಿಧಾನದ ಪ್ರಶ್ನೆ ಅಲ್ಲಿ ಕೇಳಬಹುದು. ಘಟ್ಟದ ಔಷಧಿ ಸಸ್ಯಗಳ ಮೇಲೆ ಕೆಲಸ ಮಾಡೋ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ.

ಗುರುತಿಸಲಿಕ್ಕೆ ಫೋಟೋ ತೆಗೆಯೋರು ನಾಲ್ಕು ಫೋಟೋ ತೆಗೀರಿ: ಹೂ ಅಥವಾ ಹಣ್ಣು, ಎಲೆಯ ಮೇಲ್ಭಾಗ, ಎಲೆ ಕಾಂಡಕ್ಕೆ ಸೇರೋ ಜಾಗ, ಇಡೀ ಗಿಡ. ಹಣ್ಣೊಂದನ್ನೇ ನೋಡಿ ಮೊಬೈಲ್ ಆ್ಯಪ್ ಹೇಳೋ ಹೆಸರನ್ನ ನಂಬಿ ಬಾಯಿಗೆ ಏನೂ ಹಾಕಬೇಡಿ.

ಅಕಸ್ಮಾತ್ ಮಗು ಗೊತ್ತಿಲ್ಲದ ಹಣ್ಣು ತಿಂದಿದ್ರೆ ಬಾಯಲ್ಲಿ ಉಳಿದಿದ್ದನ್ನ ತೆಗೀರಿ, ಬಾಯಿ ತೊಳೀರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಣ್ಣು, ಎಲೆ ಇರೋ ಒಂದು ಟೊಂಗೆ ಚೀಲದಲ್ಲಿ ಹಾಕ್ಕೊಂಡು ನೇರ ಆಸ್ಪತ್ರೆಗೆ, ಗಾಡಿ ಇಲ್ಲದಿದ್ರೆ 108ಕ್ಕೆ ಫೋನ್. ಮಗು ಆರಾಮ ಇದೆ ಅಂತ ಕಾಯಬೇಡಿ. ಗುಲಗಂಜಿ, ಗೌರಿ ಹೂವಿನ ವಿಷ ಕೆಲವು ತಾಸು ಕಳೆದ ಮೇಲೆ ತನ್ನ ರೂಪ ತೋರಿಸ್ತದೆ.

ನಿಮ್ಮ ಊರಲ್ಲಿ ಈ ಆರು ಗಿಡಗಳಿಗೆ ಬೇರೆ ಹೆಸರಿದ್ರೆ ಬರೆದು ಕಳಿಸಿ. ಕನ್ನಡ, ಮರಾಠಿ, ಕೊಂಕಣಿ ಯಾವುದಾದ್ರೂ ಆಗಲಿ. ಮುಂದಿನ ಕಂತಿನ ಕೊನೆಗೆ ಎಲ್ಲಾ ಹೆಸರು ಓದಿ ಹೇಳ್ತೀನಿ.